ಮೂರು ಬದಲಾವಣೆ ಒಂದೇ ಜೂನ್‌ನಲ್ಲಿ ಬೇಡ

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಲೀಡ್ ಆಗಿದ್ದೇನೆ. ವರ್ಷಕ್ಕೆ 32 ಲಕ್ಷ ಬರುತ್ತದೆ, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು. ಈಗ ಜರ್ಮನಿಯ ಒಂದು ಸಣ್ಣ ಕಂಪನಿ ಕಾಂಟ್ರ್ಯಾಕ್ಟ್ ಮೇಲೆ ಕರೆದಿದೆ. ದಿನದ ಲೆಕ್ಕದಲ್ಲಿ ಹಣ, 260 ದಿನಕ್ಕೆ ಸುಮಾರು 40 ಲಕ್ಷ. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು. ನನ್ನ ತವರು ಸಾಗರದ ಹತ್ತಿರ. ಅಮ್ಮ ಹೋದ ವರ್ಷ ತೀರಿಕೊಂಡರು. ಅಪ್ಪನಿಗೆ 71, ಮೂರು ಎಕರೆ ಅಡಿಕೆ ತೋಟ ನೋಡಿಕೊಂಡು ಒಬ್ಬರೇ ಇದ್ದಾರೆ. ಮಗಳು 6ನೇ ಕ್ಲಾಸು. ಮೇ ಕೊನೆಗೆ ಊರಿಗೆ ಹೋಗಿ, ಅವಳನ್ನು ಅಲ್ಲೇ 7ನೇ ಕ್ಲಾಸಿಗೆ ಸೇರಿಸಿ, ಜೂನ್ 1ರಿಂದ ಹೊಸ ಕೆಲಸ ಶುರು ಮಾಡುವ ಯೋಚನೆ. ಪತಿ ಬೆಂಗಳೂರಿನಲ್ಲೇ ಇದ್ದು ವಾರಾಂತ್ಯಕ್ಕೆ ಬರುತ್ತಾರೆ. ದುಡ್ಡೂ ಜಾಸ್ತಿ, ಊರೂ ಸಿಗುತ್ತದೆ. ಆದರೂ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿದ್ದೆ ಬರದೇ ಇರುವುದಕ್ಕೆ ನೀವು ಹೆದರಬೇಕಾಗಿಲ್ಲ. ಮನಸ್ಸು ಏನೋ ಲೆಕ್ಕ ಹಾಕುತ್ತಿದೆ, ಅದು ಇನ್ನೂ ತಾಳೆಯಾಗಿಲ್ಲ, ಅಷ್ಟೇ.

ನೀವು ಒಂದು ನಿರ್ಧಾರದ ಬಗ್ಗೆ ಕೇಳಿದ್ದೀರಿ. ಪತ್ರದಲ್ಲಿ ಇರುವುದು ಮೂರು. ಸಂಬಳದ ಕೆಲಸ ಬಿಟ್ಟು ಕಾಂಟ್ರ್ಯಾಕ್ಟ್‌ಗೆ ಹೋಗುವುದು ಒಂದು. ಊರು ಬದಲಿಸುವುದು ಇನ್ನೊಂದು. ಗಂಡ ಅಲ್ಲಿ, ಹೆಂಡತಿ ಮಗಳು ಇಲ್ಲಿ ಅಂತ ಸಂಸಾರದ ರೀತಿಯನ್ನೇ ಬದಲಿಸುವುದು ಮೂರನೆಯದು. ಮೂರೂ ತಪ್ಪಲ್ಲ. ಆದರೆ ಮೂರನ್ನೂ ಒಂದೇ ಜೂನ್‌ನಲ್ಲಿ ಮಾಡಬೇಡಿ. ಯಾಕೆ ಅಂದರೆ, ನಾಲ್ಕು ತಿಂಗಳಾದ ಮೇಲೆ ಏನಾದರೂ ಸರಿ ಹೋಗದಿದ್ದರೆ, ಮೂರರಲ್ಲಿ ಯಾವುದು ಸರಿ ಹೋಗಲಿಲ್ಲ ಅಂತ ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಗದೆ, ಸರಿಯಾಗಿದ್ದದ್ದನ್ನೇ ಬಿಟ್ಟುಬಿಡುತ್ತೀರಿ.

ಇದು ನನಗೇ ಆಗಿತ್ತು. 2016ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟೆ. ಹ್ಯಾಂಬರ್ಗ್‌ನ ಒಂದು ಕಂಪನಿಯ ಕಾಂಟ್ರ್ಯಾಕ್ಟ್ ಹಿಡಿದು, ಅದೇ ತಿಂಗಳು ಶಿರಸಿ ಹತ್ತಿರದ ನಮ್ಮ ಹಳ್ಳಿಗೆ ಬಂದೆ. ಜೂನ್ ಮೂರನೇ ವಾರ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಮುಖ್ಯವಾದ ಮೀಟಿಂಗ್ ಇತ್ತು. ಅದಕ್ಕೆ ಹತ್ತು ನಿಮಿಷ ಮೊದಲು ಎಲ್ಲೋ ಮರ ಬಿದ್ದು ಕರೆಂಟು ಹೋಯಿತು, ಹಿಂದೆಯೇ ಇಂಟರ್‌ನೆಟ್ ಹೋಯಿತು. ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರೇನ್‌ಕೋಟಿನ ಒಳಗೆ ಹೊಟ್ಟೆಗೆ ಒತ್ತಿಕೊಂಡು, ಸಿಗ್ನಲ್ ಸಿಗುವ ಏರಿನ ಬಸ್ ಸ್ಟ್ಯಾಂಡಿಗೆ ಸ್ಕೂಟರ್ ಬಿಟ್ಟೆ. ಕಲ್ಲುಬೆಂಚಿನ ಮೇಲೆ ಕೂತು ಫೋನ್ ಹಾಟ್‌ಸ್ಪಾಟ್ ಹಾಕಿದೆ. ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿಗೆ ಆ ಕಡೆಯವರಿಗೆ ನನ್ನ ಒಂದು ಮಾತೂ ಕೇಳಿಸಲಿಲ್ಲ. ಅವರು ಬೈಯಲಿಲ್ಲ. ಪಾಪ, ಮುಂದಿನ ವಾರ ಮಾತಾಡೋಣ ಅಂದರು. ನಾನು ಮಾತ್ರ ಅವತ್ತಿನಿಂದ ಅಪರಾಧ ಮಾಡಿದವನ ಹಾಗೆ ಬೆಳಿಗ್ಗೆ ಎಂಟಕ್ಕೆ ಕೂತು ರಾತ್ರಿ ಹತ್ತರವರೆಗೆ ಕೆಲಸ ಮಾಡತೊಡಗಿದೆ. ಅಕ್ಟೋಬರ್ ಹೊತ್ತಿಗೆ ಮೈಯೆಲ್ಲಾ ನೋವು, ಮಾತೆತ್ತಿದರೆ ಸಿಟ್ಟು. ಹಳ್ಳಿಯೇ ನನಗೆ ಆಗಿಬರಲಿಲ್ಲ ಅಂತ ತೀರ್ಮಾನಿಸಿ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವುದಕ್ಕೂ ಶುರು ಮಾಡಿದ್ದೆ.

ತಪ್ಪು ಹಳ್ಳಿಯದ್ದಾಗಿರಲಿಲ್ಲ. ಕೆಲಸದ ಗಂಟೆ ಎಷ್ಟು, ಎಲ್ಲಿಂದ ಎಲ್ಲಿಗೆ ಅಂತ ನಾನು ಮಾತಾಡಿಕೊಂಡೇ ಇರಲಿಲ್ಲ. ಅದನ್ನು ಸರಿಮಾಡಿಕೊಂಡ ಮೇಲೆ ಅದೇ ಹಳ್ಳಿಯಲ್ಲಿ ವರ್ಷಗಟ್ಟಲೆ ಇದ್ದೇನೆ, ಈಗಲೂ ಇಲ್ಲಿಂದಲೇ ಬರೆಯುತ್ತಿದ್ದೇನೆ. ನಿಮಗೆ ಹೇಳುವುದೆಲ್ಲಾ ಈ ಅನುಭವದಿಂದ, ಮತ್ತು ಆಮೇಲೆ ಇದೇ ದಾರಿಯಲ್ಲಿ ಬಂದವರ ಜೊತೆ ಕೂತು ಲೆಕ್ಕ ಹಾಕಿದ್ದರಿಂದ.

ಮೊದಲು ದುಡ್ಡು ನೋಡೋಣ. 40 ಲಕ್ಷ ಅನ್ನುವುದು 260 ದಿನಕ್ಕೆ. ಈಗಿನ ಕೆಲಸದಲ್ಲಿ ನಿಮಗೆ ರಜೆ, ಹಬ್ಬ ಎಲ್ಲಾ ಸೇರಿ ಸುಮಾರು 32 ದಿನ ಸಂಬಳ ಸಮೇತ ಬಿಡುವು ಇರಬಹುದು. ಕಾಂಟ್ರ್ಯಾಕ್ಟ್‌ನಲ್ಲಿ ಕೆಲಸ ಮಾಡದ ದಿನಕ್ಕೆ ಹಣ ಇಲ್ಲ. ಅಷ್ಟೇ ಬಿಡುವು ತೆಗೆದುಕೊಂಡರೆ 228 ದಿನ, ಅಂದರೆ 35 ಲಕ್ಷ. ಕಂಪನಿ ಹಾಕುವ ಪಿಎಫ್ ಪಾಲು ಇಲ್ಲ. ಗ್ರಾಚ್ಯುಟಿ ಇಲ್ಲ. ಮನೆಯವರೆಲ್ಲರ ಆರೋಗ್ಯ ವಿಮೆ ನಿಮ್ಮ ಕೈಯಿಂದ. ಲ್ಯಾಪ್‌ಟಾಪ್, ಇನ್ವರ್ಟರ್, ಎರಡು ಇಂಟರ್‌ನೆಟ್ ಲೈನು, ಆಡಿಟರ್ ಫೀಸು ಎಲ್ಲವೂ ನಿಮ್ಮದೇ. ಕೂಡಿ ಕಳೆದರೆ ಈಗಿನ 32 ಲಕ್ಷಕ್ಕೂ ಇದಕ್ಕೂ ಅಂಥ ಅಂತರ ಉಳಿಯುವುದಿಲ್ಲ.

ತೆರಿಗೆಯಲ್ಲಿ ಮಾತ್ರ ನಿಮಗೆ ಅನುಕೂಲ ಇದೆ. ಐಟಿ ವೃತ್ತಿಪರರು, ತಾಂತ್ರಿಕ ಸಲಹೆಗಾರರು 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಅನ್ನುವ ಕಲಮಿನ ಪ್ರಕಾರ ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸಬಹುದು. ನಗದು ರೂಪದಲ್ಲಿ ಬಂದದ್ದು ಶೇಕಡಾ 5 ದಾಟದಿದ್ದರೆ ವರ್ಷಕ್ಕೆ 75 ಲಕ್ಷದವರೆಗೂ ಇದು ನಡೆಯುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಅದರಲ್ಲೂ ಈ ಸೌಲಭ್ಯ ಇದೆ, ಕಲಮಿನ ಸಂಖ್ಯೆ ಬೇರೆ. 35 ಲಕ್ಷಕ್ಕೆ 17.5 ಲಕ್ಷ ಆದಾಯ. 2025-26ರ ಹೊಸ ಪದ್ಧತಿಯ ದರದಲ್ಲಿ ಸೆಸ್ ಸೇರಿ ತೆರಿಗೆ 1,56,000 ರೂಪಾಯಿ. ಈಗ ನಿಮ್ಮ ಸಂಬಳದಿಂದ ಕಡಿತವಾಗುತ್ತಿರುವುದಕ್ಕಿಂತ ಇದು ಬಹಳ ಕಡಿಮೆ. ಆದರೆ ಯಾರೂ ತಿಂಗಳು ತಿಂಗಳು ಮುರಿದುಕೊಳ್ಳುವುದಿಲ್ಲ. ಮಾರ್ಚ್ 15ರೊಳಗೆ ಮುಂಗಡ ತೆರಿಗೆಯಾಗಿ ನೀವೇ ಕಟ್ಟಬೇಕು. ಅದಕ್ಕೆ ಬೇರೆ ಖಾತೆ ತೆರೆದು, ಕಂಪನಿಗೆ ಕಳಿಸುವ ಪ್ರತಿ ಬಿಲ್ಲಿನಿಂದ, ಅಂದರೆ ಪ್ರತಿ ಇನ್‌ವಾಯ್ಸ್‌ನಿಂದ ಒಂದು ಪಾಲು ಅಲ್ಲಿಗೆ ಹಾಕಿ.

ಜಿಎಸ್‌ಟಿ ಬಗ್ಗೆ ಬಹಳ ಜನ ಎಡವುತ್ತಾರೆ. ಹೊರದೇಶದ ಕಂಪನಿಗೆ ತೆರಿಗೆ ಹಾಕುವಂತಿಲ್ಲ ಅನ್ನುವುದು ನಿಜ, ಸೇವೆಯ ರಫ್ತಿಗೆ ದರ ಸೊನ್ನೆ. ಹಾಗಂತ ನೋಂದಣಿ ಬೇಡ ಅಂತಲ್ಲ. ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಜೊತೆಗೆ ಪ್ರತಿ ಹಣಕಾಸು ವರ್ಷಕ್ಕೂ ಎಲ್‌ಯುಟಿ ಅನ್ನುವ ಮುಚ್ಚಳಿಕೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಬ್ಯಾಂಕಿನಿಂದ ಪ್ರತಿ ಸಲವೂ ವಿದೇಶಿ ಹಣ ಬಂದ ಪತ್ರ ತೆಗೆದಿಟ್ಟುಕೊಳ್ಳಿ. ಒಬ್ಬ ಒಳ್ಳೆಯ ಆಡಿಟರ್ ಇದನ್ನೆಲ್ಲಾ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡುತ್ತಾರೆ, ತಲೆಕೆಡಿಸಿಕೊಳ್ಳಬೇಡಿ.

ವಿಮೆಯ ವಿಷಯದಲ್ಲಿ ಮಾತ್ರ ತಲೆಕೆಡಿಸಿಕೊಳ್ಳಿ. ಕೆಲಸ ಬಿಟ್ಟರೆ ಕಂಪನಿಯ ಗುಂಪು ವಿಮೆ ನಿಲ್ಲುತ್ತದೆ. ಹೊಸದಾಗಿ ಸ್ವಂತ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ನಿಮ್ಮ ಅಪ್ಪನ ಹೆಸರು ಈಗಿನ ಪಾಲಿಸಿಯಲ್ಲಿ ಇದ್ದರೆ, ರಾಜೀನಾಮೆ ಕೊಡುವುದಕ್ಕೆ ಮೊದಲೇ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ಬಗ್ಗೆ ಕೇಳಿ. ಹಾಗೆ ಹೋದರೆ ಇಷ್ಟು ವರ್ಷ ಕಾದದ್ದು ಲೆಕ್ಕಕ್ಕೆ ಬರುತ್ತದೆ. ಕೊನೆಯ ದಿನ ಕಳೆದ ಮೇಲೆ ಈ ಬಾಗಿಲು ಮುಚ್ಚಿಕೊಳ್ಳಬಹುದು. ಆ ಮೇಲ್ ಇವತ್ತೇ ಬರೆಯಿರಿ.

ಇನ್ನು ಒಪ್ಪಂದ. 2020ರ ಏಪ್ರಿಲ್‌ನಲ್ಲಿ ನನಗೆ ಒಂದು ಮೇಲ್ ಬಂತು. ಬಹಳ ಗೌರವದಿಂದ ಬರೆದಿದ್ದರು. ಆದರೆ ವಿಷಯ ಏನು ಅಂದರೆ, ಇನ್ನು ಹದಿನಾಲ್ಕು ದಿನಕ್ಕೆ ಕೆಲಸ ಮುಗಿಯಿತು. ನಾನು ಸಹಿ ಹಾಕಿದ ಕಾಗದದಲ್ಲಿ ಇದ್ದದ್ದೇ ಹದಿನಾಲ್ಕು ದಿನ. ಜರ್ಮನಿಯಲ್ಲಿ ಕೂತಿದ್ದ ನನ್ನ ಜೊತೆಯವರಿಗೆ ಅಲ್ಲಿನ ಕಾನೂನಿನ ರಕ್ಷಣೆ ಇತ್ತು, ನನಗೆ ಆ ಎರಡು ಪುಟ ಬಿಟ್ಟರೆ ಬೇರೇನೂ ಇರಲಿಲ್ಲ. ಆ ರಾತ್ರಿ ಹೆಂಡತಿಗೆ ಹೇಳುವಾಗ ನನ್ನ ದನಿ ನಡುಗಿದ್ದು ಈಗಲೂ ನೆನಪಿದೆ. ಆಮೇಲೆ ಬೇರೆ ಕೆಲಸ ಸಿಕ್ಕಿತು, ಐದು ತಿಂಗಳು ಹಿಡಿಯಿತು.

ಹಾಗಾಗಿ ಕಂಪನಿಯನ್ನು ಮೊದಲು ಹೀಗೆ ಕೇಳಿ: ನನ್ನನ್ನು ಎಂಪ್ಲಾಯರ್ ಆಫ್ ರೆಕಾರ್ಡ್ ಮೂಲಕ ತೆಗೆದುಕೊಳ್ಳುತ್ತೀರಾ? ಅಂದರೆ ಭಾರತದಲ್ಲಿರುವ ಒಂದು ಸಂಸ್ಥೆ ಕಾಗದದ ಮೇಲೆ ನಿಮ್ಮ ಉದ್ಯೋಗದಾತ ಆಗುತ್ತದೆ, ಸಂಬಳ ಪಿಎಫ್ ಎಲ್ಲಾ ಅದರ ಮೂಲಕ, ಕೆಲಸ ಮಾತ್ರ ಜರ್ಮನಿಯವರಿಗೆ. ಅದಕ್ಕೆ ಅವರಿಗೆ ಖರ್ಚು ಜಾಸ್ತಿ, ಕೈಗೆ ಬರುವುದು ಸ್ವಲ್ಪ ಕಡಿಮೆ ಆಗಬಹುದು, 44ಎಡಿಎ ಅನುಕೂಲವೂ ಇರುವುದಿಲ್ಲ. ಆದರೂ ಚಿಕ್ಕ ಮಗಳು, ವಯಸ್ಸಾದ ಅಪ್ಪ ಇರುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಆಗುವುದಿಲ್ಲ ಅಂದರೆ ಕಾಂಟ್ರ್ಯಾಕ್ಟ್‌ನಲ್ಲಿ ನೋಟಿಸ್ ಅವಧಿ ಕನಿಷ್ಠ 60 ದಿನ ಇರಲಿ, ವರ್ಷಕ್ಕೆ ಇಷ್ಟು ದಿನ ಹಣ ಸಮೇತ ಬಿಡುವು ಅಂತ ಬರೆಸಿ, ಇನ್‌ವಾಯ್ಸ್ ಕೊಟ್ಟ ಎಷ್ಟು ದಿನಕ್ಕೆ ಹಣ ಅನ್ನುವುದೂ ಇರಲಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ನಮ್ಮ ಕಡೆಯವರಿಗೆ ಜಾಸ್ತಿ. ಜರ್ಮನಿಯವರಿಗೆ ಕಾಗದದಲ್ಲಿ ಸ್ಪಷ್ಟವಾಗಿ ಬರೆಯುವುದು ಸಹಜವಾದ ವಿಷಯ, ಕೇಳದೇ ಇದ್ದರೇ ಅವರಿಗೆ ಆಶ್ಚರ್ಯ. ಜೊತೆಗೆ ಎಂಟು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು. ನನ್ನ ಹತ್ತಿರ ಅವತ್ತು ಮೂರು ತಿಂಗಳದ್ದಷ್ಟೇ ಇತ್ತು.

ಈಗ ಗಂಟೆಯ ವಿಷಯ. ನಿಮ್ಮ ಪತ್ರದಲ್ಲಿ ಇದು ಬಂದೇ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದೇ.

ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ. ಅವರ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಅವರ ಸಂಜೆ ಐದು ನಮಗೆ ರಾತ್ರಿ ಎಂಟೂವರೆ ಅಥವಾ ಒಂಬತ್ತೂವರೆ. ನಿಮ್ಮ ಮಗಳು ಶಾಲೆಯಿಂದ ಬರುವುದು ನಾಲ್ಕೂವರೆಗೆ. ಮಲಗುವುದು ಒಂಬತ್ತಕ್ಕೆ. ಅವರ ಗಂಟೆಯನ್ನು ಹಾಗೇ ಒಪ್ಪಿಕೊಂಡರೆ, ಅವಳು ಮನೆಯಲ್ಲಿ ಎಚ್ಚರ ಇರುವ ಅಷ್ಟೂ ಹೊತ್ತು ನೀವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರುತ್ತೀರಿ. ಸಂಜೆ ಜಗಲಿಯಲ್ಲಿ ಅಪ್ಪನ ಜೊತೆ ಕೂತು ಕಾಫಿ ಕುಡಿಯುವ ಹೊತ್ತೂ ಅದೇ. ಯಾರಿಗಾಗಿ ಊರಿಗೆ ಹೋಗುತ್ತಿದ್ದೀರೋ ಅವರ ಹೊತ್ತನ್ನೇ ಕೆಲಸ ತಿಂದುಬಿಡುತ್ತದೆ.

ಇದಕ್ಕೆ ದಾರಿ ಇದೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರೂವರೆ ನನ್ನ ಗಂಟೆ ಅಂತ ಮೊದಲೇ ಹೇಳಿ. ಬೇಸಿಗೆಯಲ್ಲಿ ಅವರ ಜೊತೆ ಆರು ಗಂಟೆ ಸಿಗುತ್ತದೆ, ಚಳಿಗಾಲದಲ್ಲಿ ಐದು. ಟೆಸ್ಟಿಂಗ್ ಕೆಲಸಕ್ಕೆ ಅದು ಧಾರಾಳ ಸಾಕು. ಅವರು ಬರುವ ಹೊತ್ತಿಗೆ ನಿಮ್ಮ ಬೆಳಗಿನ ರಿಪೋರ್ಟ್ ಅವರ ಮುಂದೆ ಇರುತ್ತದೆ, ಅದು ಅವರಿಗೂ ಲಾಭವೇ. ಇದನ್ನು ಶುರುವಿನಲ್ಲಿ ಮಾತಾಡಿದರೆ ಐದು ನಿಮಿಷದ ಮಾತು. ಒಂದು ವರ್ಷ ರಾತ್ರಿ ಒಂಬತ್ತರವರೆಗೆ ಕೂತು ಅಭ್ಯಾಸ ಮಾಡಿಸಿದ ಮೇಲೆ ಕೇಳಿದರೆ, ಇವರಿಗೆ ಕೆಲಸದಲ್ಲಿ ಆಸಕ್ತಿ ಕಡಿಮೆ ಆಯಿತಾ ಅಂತ ಅನುಮಾನ ಬರುತ್ತದೆ. ಹ್ಯಾಂಬರ್ಗ್‌ನ ನನ್ನ ಜೊತೆಗಾರರು ಸಂಜೆ ಲ್ಯಾಪ್‌ಟಾಪ್ ಮುಚ್ಚುವಾಗ ಫಯರ್‌ಆಬೆಂಡ್ ಅನ್ನುತ್ತಿದ್ದರು. ಕೆಲಸ ಮುಗಿದ ಮೇಲಿನ ಸಂಜೆಗೆ ಅವರಲ್ಲಿ ಅಂಥದ್ದೊಂದು ಪದವೇ ಇದೆ. ಅವರು ಅದನ್ನು ಹೇಳಿ ಹೋದ ಮೇಲೂ ನಾನು ಒಬ್ಬನೇ ಕೂತಿರುತ್ತಿದ್ದೆ. ಯಾರೂ ಕೂರು ಅಂದಿರಲಿಲ್ಲ.

ದೂರದಿಂದ ಕೆಲಸ ಮಾಡುವವರ ಕೆಲಸ ಕಣ್ಣಿಗೆ ಬೀಳುವುದಿಲ್ಲ ಅನ್ನುವುದೂ ನಿಜ. ಊಟದ ಟೇಬಲ್ ಹತ್ತಿರ ಆಗುವ ಮಾತು ನಿಮ್ಮ ತನಕ ಬರುವುದಿಲ್ಲ. ಶುಕ್ರವಾರ ಸಂಜೆ ಅರ್ಧ ಪುಟ ಬರೆದು ಕಳಿಸಿ: ಈ ವಾರ ಏನು ಮಾಡಿದೆ, ಏನು ಸಿಕ್ಕಿಬಿತ್ತು, ಮುಂದಿನ ವಾರ ಏನು. ವರ್ಷಕ್ಕೆ ಒಂದು ಸಲ ವಾರದ ಮಟ್ಟಿಗೆ ಅಲ್ಲಿಗೆ ಹೋಗಿ ಬನ್ನಿ, ಖರ್ಚು ಅವರದ್ದು ಅಂತ ಒಪ್ಪಂದದಲ್ಲೇ ಸೇರಿಸಿ. ಮುಖ ನೋಡಿ ಮಾತಾಡಿದವರನ್ನು ತೆಗೆಯುವುದು ಯಾರಿಗೂ ಸುಲಭ ಅಲ್ಲ.

ಈಗ ಊರು. ತವರಿನ ಬಗ್ಗೆ ನೀವು ಬರೆದ ಸಾಲುಗಳಲ್ಲಿ ಪ್ರೀತಿ ಇದೆ. ಆದರೆ ನೀವು ಇತ್ತೀಚಿನ ವರ್ಷಗಳಲ್ಲಿ ಹೋಗಿದ್ದು ದೀಪಾವಳಿಗೆ, ಬೇಸಿಗೆ ರಜೆಗೆ ಇರಬಹುದು. ಮಲೆನಾಡಿನಲ್ಲಿ ಕೆಲಸ ಆಗುತ್ತದೋ ಇಲ್ಲವೋ ಅಂತ ಜುಲೈ ಹೇಳಬೇಕು. ಹಾಗಾಗಿ ಈ ಜುಲೈನಲ್ಲಿ ಮೂರು ವಾರ ಹೋಗಿ ಅಲ್ಲಿಂದಲೇ ಕೆಲಸ ಮಾಡಿ ನೋಡಿ. ಮನೆಗೆ ಫೈಬರ್ ಇದ್ದರೆ ಮೋಡೆಮ್‌ಗೆ ಅಂತಲೇ ಬರುವ ಪುಟ್ಟ ಯುಪಿಎಸ್ ಹಾಕಿಸಿ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಾಲದು. ಲೈನು ಎಲ್ಲಿಂದ ಬರುತ್ತದೋ ಆ ಕಡೆಯ ಪೆಟ್ಟಿಗೆಗೂ ಕರೆಂಟು ಇರಬೇಕು. ಆ ಪೆಟ್ಟಿಗೆಗೆ ಬ್ಯಾಟರಿ ಇದೆಯಾ, ಎಷ್ಟು ಹೊತ್ತು ಬರುತ್ತದೆ ಅಂತ ಕೇಬಲ್ ಹುಡುಗನನ್ನು ಕೇಳಿ. ಮೊಬೈಲ್ ಟವರ್‌ಗೂ ಇದೇ ಪ್ರಶ್ನೆ. ಎರಡು ದಿನ ಪೂರ್ತಿ ಕರೆಂಟು ಇಲ್ಲದಿದ್ದರೆ ಕೂರುವುದಕ್ಕೆ ಸಾಗರ ಪೇಟೆಯಲ್ಲಿ ಒಂದು ಕೋಣೆ, ನೆಂಟರ ಮನೆಯಾದರೂ ಸರಿ, ಗೊತ್ತುಮಾಡಿಕೊಳ್ಳಿ.

ಅಪ್ಪನ ಜೊತೆಗೂ ಮಾತಾಡಬೇಕು. ನೀವು ಅಲ್ಲಿಗೆ ಹೋಗುವುದು ಅವರಿಗೆ ಬೇಕಾ ಅಂತ ಕೇಳಿದ್ದೀರಾ? ಸುಮ್ನೆ ಬಾ ಅನ್ನುತ್ತಾರೆ, ಅದು ಬೇರೆ. ನಾನು ಬಂದ ಹೊಸದರಲ್ಲಿ ನಮ್ಮ ಅಪ್ಪಯ್ಯನಿಗೆ, ಕೋಣೆಯಲ್ಲಿ ಕೂತವನು ಕೆಲಸದಲ್ಲಿದ್ದಾನೆ ಅನ್ನುವುದು ಅರ್ಥವೇ ಆಗುತ್ತಿರಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಬಂದರು, ಒಂದು ಗಳಿಗೆ ಬಾ ಅಂತ ಕರೆಯುವರು. ಪಂಪ್ ಸ್ಟಾರ್ಟ್ ಆಗಲಿಲ್ಲ, ನೋಡು ಅನ್ನುವರು. ಅಡಿಕೆ ಗೊನೆ ಕೊಯ್ಲಿನ ದಿನ ಹತ್ತು ಜನಕ್ಕೆ ಕಾಫಿ ತಿಂಡಿ ಆಗಬೇಕು. ಅವರದ್ದು ತಪ್ಪಲ್ಲ. ಮನೆ ಅಂದರೆ ಮನೆಯ ಕೆಲಸ ಅಂತ ಬದುಕಿದವರು. ಕೊನೆಗೆ ನಾನು ಕೋಣೆಯ ಬಾಗಿಲಿಗೆ ಒಂದು ಕೆಂಪು ಟವೆಲ್ ಹಾಕುವ ರೂಢಿ ಮಾಡಿದೆ. ಟವೆಲ್ ಇದ್ದರೆ ಮೀಟಿಂಗ್ ಇದೆ ಅಂತ. ಒಂದು ದಿನ ಪಕ್ಕದ ಮನೆಯವರು ಬಂದು ನನ್ನನ್ನು ಕೂಗಿದಾಗ ಅಪ್ಪಯ್ಯನೇ ಜಗಲಿಯಿಂದ, "ಟವೆಲ್ ಇದ್ದು, ಈಗ ಬರೂದಿಲ್ಲ ಅಂವ" ಅಂದರು. ಒಳಗೆ ಕೂತಿದ್ದ ನನಗೆ ಕಣ್ಣು ತುಂಬಿ ಬಂತು. ಅಷ್ಟಾಗುವುದಕ್ಕೆ ಒಂದು ವರ್ಷ ಬೇಕಾಯಿತು.

ನಿಮಗೆ ಇನ್ನೊಂದು ಭಾರ ಇದೆ, ನನಗೆ ಇರಲಿಲ್ಲ. ಮದುವೆಯಾದ ಮಗಳು ಮಗುವಿನ ಜೊತೆ ತವರಿಗೆ ಬಂದು ನಿಂತರೆ ಊರಲ್ಲಿ ಕೇಳುತ್ತಾರೆ: ಯಜಮಾನರು ಬರಲಿಲ್ವಾ, ಏನಾದರೂ ಆಯ್ತಾ? ಇದಕ್ಕೆ ಉತ್ತರ ನೀವು ಕೊಡುವುದಕ್ಕಿಂತ ನಿಮ್ಮ ಪತಿ ಬಂದು ನಾಲ್ಕು ದಿನ ಅಂಗಳದಲ್ಲಿ ಓಡಾಡುವುದು ಒಳ್ಳೆಯದು. ಅಷ್ಟು ಪ್ರಶ್ನೆಗೆ ನಿಮ್ಮ ನಿರ್ಧಾರ ಬದಲಾಗಬೇಕಾಗಿಲ್ಲ. ಆದರೆ ಅಪ್ಪನಿಗೂ ಮಗಳಿಗೂ ಆ ಪ್ರಶ್ನೆ ಬೀಳುತ್ತದೆ, ಅವರಿಗೆ ಮೊದಲೇ ಹೇಳಿಡಿ.

ಪತಿಯ ಬಗ್ಗೆ ನಿಮ್ಮ ಪತ್ರದಲ್ಲಿ ಇರುವುದು ಒಂದೇ ಸಾಲು. ಅವರು ಹೂಂ ಅಂದಿದ್ದಾರಾ, ಅಥವಾ ಬೇಡ ಅಂದಿಲ್ಲ ಅಷ್ಟೇನಾ? ಶುಕ್ರವಾರ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಸಾಗರದಲ್ಲಿ ಇಳಿದು, ಭಾನುವಾರ ರಾತ್ರಿ ಮತ್ತೆ ರೈಲು ಹತ್ತುವುದು ಎರಡು ತಿಂಗಳು ಉತ್ಸಾಹದಿಂದ ನಡೆಯುತ್ತದೆ. ಆಮೇಲೆ ಎರಡು ವಾರಕ್ಕೊಮ್ಮೆ ಆಗುತ್ತದೆ. ಎಷ್ಟು ವರ್ಷ ಹೀಗೆ, ಆಮೇಲೆ ಏನು ಅಂತ ಇಬ್ಬರೂ ಕೂತು ಒಂದು ತಾರೀಖು ಹಾಕಿಕೊಳ್ಳಿ. ನಿಮ್ಮ ನಿದ್ದೆ ಕೆಡಿಸಿರುವುದು ಈ ಮಾತು ಆಗದೇ ಇರುವುದು ಅಂತ ನನಗೆ ಅನಿಸುತ್ತಿದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ನೋಟಿಸ್, ಬಿಡುವು, ಗಂಟೆ ಮೂರೂ ಕಾಗದದಲ್ಲಿ ಬಂದರೆ ಜೂನ್‌ನಲ್ಲಿ ಕೆಲಸ ಬದಲಿಸುತ್ತಿದ್ದೆ, ಆದರೆ ಬೆಂಗಳೂರಿನಲ್ಲೇ ಇರುತ್ತಿದ್ದೆ. ಮಗಳು 7ನೇ ಕ್ಲಾಸು ಈಗಿನ ಶಾಲೆಯಲ್ಲೇ ಮುಗಿಸಲಿ. ಜುಲೈನಲ್ಲಿ ಮೂರು ವಾರ ಊರು. ಆಮೇಲೆ ಪ್ರತಿ ತಿಂಗಳೂ ಹತ್ತು ದಿನ ಅಪ್ಪನ ಹತ್ತಿರ, ಆಗ ಮಗಳ ಜವಾಬ್ದಾರಿ ಪತಿಯದ್ದು. ಹೊಸ ಕೆಲಸದಲ್ಲಿ ಆಫೀಸಿಗೆ ಹೋಗುವುದೇ ಇಲ್ಲವಲ್ಲ, ಇದು ಸಾಧ್ಯ. ಅಪ್ಪನಿಗೂ ಒಂದು ವರ್ಷ ಸುಮ್ಮನೆ ಕಾಯಬೇಕಾಗುವುದಿಲ್ಲ. ನೀವಿಲ್ಲದ ಹತ್ತು ದಿನ ಮನೆ ಹೇಗೆ ನಡೆಯುತ್ತದೆ ಅಂತ ಪತಿಗೂ ಮಗಳಿಗೂ ಗೊತ್ತಾಗುತ್ತದೆ. ಎಲ್ಲಾ ಸರಿ ಬಂದರೆ ಮುಂದಿನ ವರ್ಷ ಮೇ ಕೊನೆಗೆ ಹೊರಡಿ. ಆಗ ಮಗಳು 8ನೇ ಕ್ಲಾಸು. ನಮ್ಮಲ್ಲಿ ಹೈಸ್ಕೂಲ್ ಶುರುವಾಗುವುದೇ ಅಲ್ಲಿ, ಬೇರೆ ಬೇರೆ ಶಾಲೆಯಿಂದ ಬಂದ ಹೊಸ ಮಕ್ಕಳ ಮಧ್ಯೆ ಅವಳೂ ಒಬ್ಬ ಹೊಸಬಳು. 9ಕ್ಕೋ 10ಕ್ಕೋ ಮಾತ್ರ ಬದಲಿಸಬೇಡಿ.

ಈ ವಾರ ಮೂರು ಕೆಲಸ ಸಾಕು: ವಿಮೆಯ ಮೇಲ್, ಜರ್ಮನಿಗೆ ಗಂಟೆ ಮತ್ತು ನೋಟಿಸ್ ಕೇಳಿ ಒಂದು ಮೇಲ್, ಪತಿಯ ಜೊತೆ ಮಗಳು ಮಲಗಿದ ಮೇಲೆ ಒಂದು ಸಂಜೆ. ಜುಲೈನ ಮೂರು ವಾರ ಕಳೆದ ಮೇಲೆ ನನಗೆ ಮತ್ತೆ ಬರೆಯಿರಿ. ಊರಿನಲ್ಲಿ ಕರೆಂಟು ಎಷ್ಟು ದಿನ ಹೋಯಿತು, ಬೆಂಗಳೂರಿನಲ್ಲಿದ್ದಾಗ ಮಗಳು ಎಷ್ಟು ಸಂಜೆ ನಿಮ್ಮ ಪಕ್ಕದಲ್ಲಿ ಕೂತಳು, ಎರಡನ್ನೂ ಬರೆದಿಟ್ಟುಕೊಂಡು ಬನ್ನಿ. ಆಮೇಲೆ ಊರಿನ ವಿಷಯ ಮಾತಾಡೋಣ.